ಬಾಮೈದನಿಗೆ ಕೋವಿ ಮಾರೋಣವೆಂದರೆ ನಡುವೆ ಡೆಲಾವೇರ್ ನದಿ

ಲೀಹೈ_ಲಿಂಗು

ಎಲ್ಲರಿಗೂ ನಮಸ್ಕಾರ. ಪೆನ್ಸಿಲ್ವೇನಿಯಾದ ಅಲೆನ್‌ಟೌನ್ ಹತ್ತಿರ ಹದಿನಾಲ್ಕು ವರ್ಷದಿಂದ ಇದ್ದೇವೆ. ಬರುವ ಬೇಸಿಗೆಗೆ ಊರಿಗೆ, ಅಂದರೆ ತೀರ್ಥಹಳ್ಳಿಗೆ, ಕಾಯಂ ವಾಪಸ್. ಮನೆ, ಕಾರು, ಹಿಮ ತಳ್ಳುವ ಯಂತ್ರ ಎಲ್ಲಕ್ಕೂ ಗಿರಾಕಿ ಸಿಕ್ಕಾಯಿತು. ಉಳಿದಿರುವುದು ಎರಡೇ. ಬೇಟೆಗೆ ಒಯ್ಯುತ್ತಿದ್ದ ರೆಮಿಂಗ್ಟನ್ 870 ಕೋವಿ ಒಂದು, ಗ್ಲಾಕ್ 19 ಪಿಸ್ತೂಲು ಒಂದು. ನಾನು ಇಲ್ಲಿನ ಸಿಟಿಜನ್. ಎರಡನ್ನೂ ಅಂಗಡಿಯಲ್ಲಿ ರಸೀದಿ ಸಮೇತ ಕೊಂಡದ್ದು.

ಬಾಮೈದ ನದಿಯ ಆಚೆ, ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದಾನೆ. ಗ್ರೀನ್ ಕಾರ್ಡ್ ಬಂದು ವರ್ಷವಾಯಿತು. "ಭಾವ, ಬೇರೆಯವರಿಗೆ ಯಾಕೆ ಕೊಡ್ತೀರಿ, ನನಗೇ ಕೊಡಿ" ಎಂದು ಪಟ್ಟು ಹಿಡಿದಿದ್ದಾನೆ. ದೀಪಾವಳಿಗೆ ಹೋಗುವಾಗ ಡಿಕ್ಕಿಯಲ್ಲಿಟ್ಟುಕೊಂಡು ಹೋಗಿ ಕೊಟ್ಟು ಬಂದರೆ ಆಯಿತಲ್ವಾ? ಇಲ್ಲಿ ಪರಿಚಯದವರೊಬ್ಬರಿಗೆ ಹಳೇ ಬೇಟೆ ರೈಫಲ್ ಮಾರಿದಾಗ ದುಡ್ಡು ಎಣಿಸಿಕೊಂಡು ಕಾಫಿ ಕುಡಿದದ್ದಷ್ಟೇ. ಒಂದು ಚೀಟಿಯೂ ಇರಲಿಲ್ಲ.

ಎಡಿಸನ್_ಎಂಕ

ಲಿಂಗಣ್ಣ, ಮೊದಲು ಡಿಕ್ಕಿ ಮುಚ್ಚಿ.

ನೀವು ಆವತ್ತು ಮಾರಿದ್ದು ನಿಮ್ಮದೇ ರಾಜ್ಯದವರಿಗೆ, ಅದೂ ಉದ್ದ ಕೋವಿ. ಪೆನ್ಸಿಲ್ವೇನಿಯಾ ಅದಕ್ಕೆ ಕಾಗದ ಕೇಳುವುದಿಲ್ಲ. ಪಿಸ್ತೂಲಾದರೆ ಅಲ್ಲೂ ಡೀಲರ್ ಅಥವಾ ಶೆರಿಫ್ (ಕೌಂಟಿಯ ಚುನಾಯಿತ ಕಾನೂನು ಅಧಿಕಾರಿ) ಮುಂದೆಯೇ ಕೈ ಬದಲಾಗಬೇಕು. ರಾಜ್ಯದ ಗಡಿ ದಾಟಿತು ಎಂದರೆ ಆಟವೇ ಬೇರೆ. 1968ರ ಗನ್ ಕಂಟ್ರೋಲ್ ಆ್ಯಕ್ಟ್ ಪ್ರಕಾರ ಲೈಸೆನ್ಸ್ ಇಲ್ಲದ ಒಬ್ಬ ಮಾಮೂಲಿ ಮನುಷ್ಯ ಬೇರೆ ರಾಜ್ಯದ ಮಾಮೂಲಿ ಮನುಷ್ಯನಿಗೆ ನೇರವಾಗಿ ಕೊಡುವ ಹಾಗಿಲ್ಲ. ನಡುವೆ ಫೆಡರಲ್ ಲೈಸೆನ್ಸ್ ಇರುವ ಡೀಲರ್ ಬೇಕೇ ಬೇಕು. ತಪ್ಪಿದರೆ ಐದು ವರ್ಷದವರೆಗೆ ಜೈಲು. ಇದು ನ್ಯೂಜೆರ್ಸಿ ಕಾನೂನಲ್ಲ, ಇಡೀ ದೇಶದ್ದು. ನಮ್ಮ ರಾಜ್ಯದ್ದು ಇದರ ಮೇಲೆ ಬೇರೆ ಇದೆ, ಅದನ್ನು ಹೇಳಲು ಒಂದು ಲೋಟ ಕಾಫಿ ಬೇಕು.

ಲೀಹೈ_ಲಿಂಗು

ಮಾರುವುದು ಬೇಡ, ಸುಮ್ನೆ ಕೊಡ್ತೀನಿ. ಉಡುಗೊರೆ. ಹೆಂಡತಿಯ ತಮ್ಮ ತಾನೆ?

ಎಡಿಸನ್_ಎಂಕ

ಉಡುಗೊರೆಯಾದರೂ ಅದೇ ಕಾನೂನು. ಕಾನೂನು ದುಡ್ಡನ್ನು ನೋಡುವುದಿಲ್ಲ, ಕೈ ಬದಲಾಗುವುದನ್ನು ನೋಡುತ್ತದೆ. ವಿನಾಯಿತಿ ಇರುವುದು ಉಯಿಲಿನಲ್ಲಿ ಬಂದದ್ದಕ್ಕೆ, ಮತ್ತೆ ಬೇಟೆಗೋ ಗುರಿ ಅಭ್ಯಾಸಕ್ಕೋ ಸ್ವಲ್ಪ ಹೊತ್ತಿಗೆ ಕೈಗಡ ಕೊಡುವುದಕ್ಕೆ. ನೀವು ಉಯಿಲು ಬರೆದು ತೀರಿಕೊಳ್ಳುವ ಯೋಚನೆಯಲ್ಲಿಲ್ಲ ಅಂದುಕೊಂಡಿದ್ದೇನೆ.

ನ್ಯೂಜೆರ್ಸಿಯಲ್ಲಿ ಬಾಮೈದನಿಗೆ ಮೊದಲು ಬೇಕಾದದ್ದು ಕೋವಿ ಕೊಳ್ಳುವವರ ಗುರುತಿನ ಕಾರ್ಡ್. ಉದ್ದ ಕೋವಿಗೆ ಅದು ಸಾಕು. ಪಿಸ್ತೂಲಿಗೆ ಕಾರ್ಡ್ ಸಾಲದು. ಒಂದೊಂದು ಪಿಸ್ತೂಲಿಗೂ ಬೇರೆ ಬೇರೆ ಪರ್ಮಿಟ್, ಅದೂ 90 ದಿನದೊಳಗೆ ಬಳಸಬೇಕು. 30 ದಿನಕ್ಕೆ ಒಂದೇ ಪಿಸ್ತೂಲು. ಇವನ್ನೆಲ್ಲ ಕೊಡುವವರು ಯಾರು ಗೊತ್ತಾ? ಊರಿನ ಪೊಲೀಸ್ ಚೀಫ್. ಬೆರಳಚ್ಚು, ಇಬ್ಬರು ಪರಿಚಯದವರ ಹೆಸರು, ಮಾನಸಿಕ ಆರೋಗ್ಯದ ದಾಖಲೆ ನೋಡಲು ಒಪ್ಪಿಗೆ. ಎಲ್ಲ ಕೊಟ್ಟ ಮೇಲೆ ಕಾನೂನಿನ ಪ್ರಕಾರ 30 ದಿನ. ಆ 30 ದಿನ ನಮ್ಮ ಕಡೆ ತಾಲ್ಲೂಕು ಆಫೀಸಿನ "ನಾಳೆ ಬನ್ನಿ" ಇದ್ದ ಹಾಗೆ.

ನನ್ನ ಕಾರ್ಡಿಗೆ ಐದು ತಿಂಗಳು ಹಿಡಿಯಿತು. ಪಕ್ಕದ ಟೌನ್‌ನಲ್ಲಿರುವ ಗೆಳೆಯನಿಗೆ ಮೂರೇ ವಾರ. ಅದೇ ರಾಜ್ಯ, ಅದೇ ಕಾಯ್ದೆ, ಅದೇ ಫಾರ್ಮ್. ನಮ್ಮ ಠಾಣೆಯಲ್ಲಿ ಕೇಳಿದರೆ "ಆ ಕೆಲಸ ನೋಡುವ ಡಿಟೆಕ್ಟಿವ್ ವಾರಕ್ಕೆ ಒಂದು ದಿನ ಮಾತ್ರ ಬರ್ತಾರೆ" ಎಂದರು.

ಹೊಸಬ_2023

ಅಣ್ಣ, ಒಂದು ಸುಲಭ ದಾರಿ ಇದೆ. ಬಾಮೈದನೇ ಪೆನ್ಸಿಲ್ವೇನಿಯಾಕ್ಕೆ ಬಂದು ನಿಮ್ಮ ಮನೆ ವಿಳಾಸ ಕೊಟ್ಟು ಅಲ್ಲಿನವನೇ ಎಂದು ತಗೊಂಡರೆ? ಇಲ್ಲಾಂದ್ರೆ ನಿಮ್ಮ ಹೆಸರಲ್ಲೇ ಇರಲಿ, ಅವನ ಮನೆಯಲ್ಲಿ ಇಟ್ಟರಾಯ್ತು.

ಸನಿವೇಲ್_ಸೀನ

ಗುರು, ಇಂಥ ಸಲಹೆಯನ್ನು ಇಲ್ಲಿ ಹಾಕಬೇಡ. ಯಾರಾದರೂ ನಿಜ ಅಂದುಕೊಂಡು ಮಾಡಿಯಾರು.

ಡೀಲರ್ ಮುಂದೆ ತುಂಬುವ 4473 ನಂಬರಿನ ಫಾರ್ಮಿನಲ್ಲಿ ಸುಳ್ಳು ಬರೆಯುವುದು ಫೆಡರಲ್ ಅಪರಾಧ. ಇದರಲ್ಲಿ ಸಿಕ್ಕಿಬಿದ್ದವರು ಕಳ್ಳರೇ ಆಗಿರಬೇಕೆಂದಿಲ್ಲ. ಅಬ್ರಾಮ್ಸ್ಕಿ ಕೇಸ್ ಲಿಂಗಣ್ಣನ ಕತೆಯ ಪಕ್ಕದ ಮನೆಯದು. ವರ್ಜೀನಿಯಾದ ಒಬ್ಬ ಮಾಜಿ ಪೊಲೀಸ್. ಪೆನ್ಸಿಲ್ವೇನಿಯಾದಲ್ಲಿ ಅವರ ಚಿಕ್ಕಪ್ಪ. ಪೊಲೀಸರಿಗೆ ಅಂಗಡಿಯಲ್ಲಿ ರಿಯಾಯಿತಿ ಸಿಗುತ್ತದಲ್ಲ, ನಾನೇ ತಂದುಕೊಡ್ತೀನಿ ಎಂದರು. ಚಿಕ್ಕಪ್ಪ 400 ಡಾಲರ್ ಚೆಕ್ ಕಳಿಸಿದರು. ಕೊಂಡದ್ದು ಅದೇ ಗ್ಲಾಕ್ 19. ಫಾರ್ಮಿನಲ್ಲಿ "ನಿಜವಾಗಿ ಕೊಳ್ಳುತ್ತಿರುವವರು ನೀವೇನಾ?" ಎಂಬ ಪ್ರಶ್ನೆಗೆ ಹೌದು ಎಂದು ಗುರುತು ಹಾಕಿದರು. ಆಮೇಲೆ ಪೆನ್ಸಿಲ್ವೇನಿಯಾದ ಡೀಲರ್ ಮೂಲಕವೇ, ಹಿನ್ನೆಲೆ ತಪಾಸಣೆ ಮಾಡಿಸಿಯೇ, ಚಿಕ್ಕಪ್ಪನಿಗೆ ದಾಟಿಸಿದರು. ಚಿಕ್ಕಪ್ಪನಿಗೆ ಕೋವಿ ಇಟ್ಟುಕೊಳ್ಳಲು ಯಾವ ಅಡ್ಡಿಯೂ ಇರಲಿಲ್ಲ. ಆದರೂ 2014ರಲ್ಲಿ ಸುಪ್ರೀಂ ಕೋರ್ಟ್ 5–4ರಲ್ಲಿ ಅಪರಾಧ ಅಪರಾಧವೇ ಎಂದಿತು. ಆ ಒಂದು ಗುರುತಿಗಾಗಿ.

2022ರ ಜೂನ್‌ನಲ್ಲಿ ಬಂದ ಹೊಸ ಕಾಯ್ದೆ ಬೇರೆಯವರ ಪರವಾಗಿ ಕೊಳ್ಳುವುದನ್ನೇ ಪ್ರತ್ಯೇಕ ಅಪರಾಧ ಮಾಡಿತು. 15 ವರ್ಷದವರೆಗೆ.

ಎಚ್1ಬಿ_ಹೈದ

ಇದೇ ಜಾಗದಲ್ಲಿ ಕೇಳಿಬಿಡುತ್ತೇನೆ. ನಾನಿರುವುದು ಟೆಕ್ಸಸ್‌ನಲ್ಲಿ. ಆಫೀಸಿನವರು ಶನಿವಾರ ಶೂಟಿಂಗ್ ರೇಂಜ್‌ಗೆ ಕರೆಯುತ್ತಾರೆ. ಇಲ್ಲಿ ಕಾನೂನು ಸಡಿಲ ಅಲ್ವಾ, ಹೋಗಬಹುದಾ?

ಸನಿವೇಲ್_ಸೀನ

ಟೆಕ್ಸಸ್ ಸಡಿಲವಾಗಿರಬಹುದು, ನಿನ್ನ ವೀಸಾ ಸಡಿಲವಿಲ್ಲ. ಎಚ್1ಬಿ, ಎಚ್4, ಎಫ್1, ಯಾವ ತಾತ್ಕಾಲಿಕ ವೀಸಾ ಮೇಲೆ ಬಂದವರೂ ಕೋವಿಯನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ರೇಂಜ್‌ನಲ್ಲಿ ಬಾಡಿಗೆಗೆ ಹಿಡಿದರೂ "ಇಟ್ಟುಕೊಂಡ" ಲೆಕ್ಕಕ್ಕೇ ಬರುತ್ತದೆ. ಕಾನೂನಿನಲ್ಲೇ ಇರುವ ಕಿಂಡಿ ಎಂದರೆ ಯಾವುದಾದರೂ ರಾಜ್ಯದ ಚಾಲ್ತಿ ಬೇಟೆ ಲೈಸೆನ್ಸ್. ಅದು ಇದ್ದರೆ ಸರಿ. ಕೋವಿಯ ಅಪರಾಧ ಸಾಬೀತಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ಗಡೀಪಾರು ಮಾಡಬಹುದು. ಲಿಂಗಣ್ಣನ ಬಾಮೈದ ಈ ಸಾಲನ್ನು ಎರಡು ಸಲ ಓದಲಿ.

ಎಚ್1ಬಿ_ಹೈದ

ಅಯ್ಯೋ. ಹೋದ ತಿಂಗಳು ಹೋಗಿದ್ದೆ. ಫೋಟೋ ಕೂಡ ಹಾಕಿದ್ದೆ.

ಎಡಿಸನ್_ಎಂಕ

ಇಲ್ಲಿ ಇನ್ನೇನೂ ಬರೆಯಬೇಡಪ್ಪ. ವಕೀಲರ ಹತ್ತಿರ ಹೋಗು.

ಮಲ್ಲಿಗೆ_ಮಾತು

ನನಗೆ ಈ ಚರ್ಚೆಯಲ್ಲಿ ಒಂದು ವಿಷಯ ಕಸಿವಿಸಿ. ಎಲ್ಲರೂ ಕಾನೂನನ್ನು ಕಿರಿಕಿರಿ ಎಂಬಂತೆ ಮಾತಾಡುತ್ತಿದ್ದೀರಿ. ನಾನು ಶಿಕಾಗೊ ಹತ್ತಿರ ನೇಪರ್ವಿಲ್‌ನಲ್ಲಿದ್ದೇನೆ. ಇಲಿನಾಯ್‌ನಲ್ಲಿ ಕಾನೂನು ಬಿಗಿ, ಪಕ್ಕದ ಇಂಡಿಯಾನಾದಲ್ಲಿ ಸಡಿಲ. ಶಿಕಾಗೊ ನಗರವೇ 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಪೊಲೀಸರು ವಶಪಡಿಸಿಕೊಂಡು ಮೂಲ ಪತ್ತೆ ಮಾಡಿದ ಕೋವಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೊರರಾಜ್ಯದವು, ಸುಮಾರು ಐದರಲ್ಲಿ ಒಂದು ಇಂಡಿಯಾನಾದ್ದು. ಪೂರ್ವ ಕರಾವಳಿಯಲ್ಲಿ ಐ-95 ಹೆದ್ದಾರಿಗೆ "ಕಬ್ಬಿಣದ ಪೈಪ್‌ಲೈನ್" ಎಂದೇ ಅಡ್ಡಹೆಸರು. ದಕ್ಷಿಣದಲ್ಲಿ ಕೊಂಡದ್ದು ಆ ದಾರಿಯಲ್ಲಿ ನ್ಯೂಯಾರ್ಕ್‌ಗೆ ಏರುತ್ತದೆ. ಲಿಂಗಣ್ಣನ ಡಿಕ್ಕಿಗೂ ಅವರ ಡಿಕ್ಕಿಗೂ ಹೊರಗಿನಿಂದ ನೋಡಿದರೆ ಏನು ವ್ಯತ್ಯಾಸ?

ಇನ್ನು ಪೊಲೀಸರ ವಿವೇಚನೆ. ನಮ್ಮ ಹತ್ತಿರದ ಹೈಲ್ಯಾಂಡ್ ಪಾರ್ಕ್‌ನಲ್ಲಿ 2022ರ ಜುಲೈ 4ರ ಮೆರವಣಿಗೆಯಲ್ಲಿ ಗುಂಡೇಟಿಗೆ 7 ಜನ ಸತ್ತರು. ಗುಂಡು ಹಾರಿಸಿದ ಹುಡುಗನ ಮನೆಗೆ 2019ರಲ್ಲೇ ಪೊಲೀಸರು ಹೋಗಿದ್ದರು. ಮನೆಯವರನ್ನೆಲ್ಲ ಕೊಲ್ಲುತ್ತೇನೆ ಎಂದನೆಂದು ದೂರು. ಚಾಕುಗಳ ರಾಶಿ ಎತ್ತಿಕೊಂಡು ಹೋದರು. ಇವನಿಂದ ಅಪಾಯವಿದೆ ಎಂದು ರಾಜ್ಯ ಪೊಲೀಸರಿಗೆ ವರದಿಯನ್ನೂ ಕಳಿಸಿದರು. ಕೆಲವೇ ತಿಂಗಳಲ್ಲಿ ಕೋವಿ ಕಾರ್ಡಿನ ಅರ್ಜಿಗೆ ಅಪ್ಪ ಸಹಿ ಹಾಕಿದ, ಹುಡುಗನಿಗೆ ಕಾರ್ಡ್ ಬಂತು. ಬೇಡ ಎನ್ನುವ ಅಧಿಕಾರ ಇದ್ದವರು ಬೇಡ ಎನ್ನಲಿಲ್ಲ. ನಿಮಗೆ ಐದು ತಿಂಗಳು ತಡವಾಯಿತೆಂದು ಬೇಜಾರು. ಆ ಕಾರ್ಡನ್ನು ಯಾರಾದರೂ ಐದು ವರ್ಷ ತಡಮಾಡಿದ್ದರೆ ಎಂದು ನನಗೆ ಅನಿಸುತ್ತದೆ.

ಎಡಿಸನ್_ಎಂಕ

ಮೇಡಂ, ನೀವು ಹೇಳಿದ್ದನ್ನು ತಳ್ಳಿಹಾಕುವುದಿಲ್ಲ. ಆದರೆ ನೋಡಿ, ನಿಮ್ಮ ಉದಾಹರಣೆಯಲ್ಲೂ ಸೋತದ್ದು ಕುರ್ಚಿಯಲ್ಲಿ ಕೂತವರ ವಿವೇಚನೆಯೇ. ನನ್ನದರಲ್ಲೂ ಅದೇ. ಒಂದು ಕಡೆ ತಡೆಯಬೇಕಾದವನನ್ನು ಬಿಟ್ಟರು, ಇನ್ನೊಂದು ಕಡೆ ಬಿಡಬೇಕಾದವನನ್ನು ಕೂರಿಸಿದರು. ಬಿಗಿ ಇರಲಿ. ಯಾವ ಕಾರಣಕ್ಕೆ ಕೊಡುತ್ತಾರೆ, ಯಾವ ಕಾರಣಕ್ಕೆ ಇಲ್ಲ ಅನ್ನುವುದು ಬರೆದಿರಲಿ. ನನ್ನ ತಕರಾರು ಅಷ್ಟೇ.

ಸನಿವೇಲ್_ಸೀನ

ಬರೆದಿಡದೇ ಇದ್ದರೆ ಏನಾಗುತ್ತದೆ ಎನ್ನುವುದಕ್ಕೆ ಕ್ಯಾಲಿಫೋರ್ನಿಯಾದ ನಮ್ಮ ಸಾಂಟಾ ಕ್ಲಾರಾ ಕೌಂಟಿಗೆ ಬನ್ನಿ. ಕೂಪರ್ಟಿನೊ, ಸನಿವೇಲ್ ಎಲ್ಲ ಬರುವ ಕೌಂಟಿ. ಇಲ್ಲಿ ಅರ್ಧ ಜಯನಗರವೇ ಇದೆ. ಕೋವಿಯನ್ನು ಬಟ್ಟೆಯೊಳಗೆ ಇಟ್ಟುಕೊಂಡು ಓಡಾಡುವ ಪರ್ಮಿಟ್ ಯಾರಿಗೆ ಕೊಡಬೇಕು ಎನ್ನುವುದು ಪೂರ್ತಿ ಶೆರಿಫ್ ಕೈಯಲ್ಲಿತ್ತು. ಸಾಮಾನ್ಯರು ಅರ್ಜಿ ಹಾಕಿದರೆ ಫೈಲು ತೆರೆಯುತ್ತಲೇ ಇರಲಿಲ್ಲ. ಚುನಾವಣೆಗೆ ದುಡ್ಡು ಕೊಟ್ಟವರಿಗೆ, ಹೆಸರಿದ್ದವರಿಗೆ ಸಲೀಸು. 2020ರಲ್ಲಿ ಶೆರಿಫ್ ಕಚೇರಿಯ ದೊಡ್ಡವರ ಮೇಲೆ ಲಂಚದ ಆರೋಪಪಟ್ಟಿ ಬಂತು. ಶೆರಿಫ್ ಲಾರಿ ಸ್ಮಿತ್ 2022ರ ಅಕ್ಟೋಬರ್ ಕೊನೆಗೆ ಕುರ್ಚಿ ಬಿಟ್ಟರು. ನವೆಂಬರ್‌ನಲ್ಲಿ ಜ್ಯೂರಿ ಅವರು ತಪ್ಪಿತಸ್ಥೆ ಎಂದಿತು. ನ್ಯೂಯಾರ್ಕ್ ನಗರದ ಪೊಲೀಸ್ ಇಲಾಖೆಯ ಲೈಸೆನ್ಸ್ ವಿಭಾಗದಲ್ಲೂ ಅದೇ ಹಾಡು. 2017ರಲ್ಲಿ ಅಲ್ಲಿನ ಅಧಿಕಾರಿಗಳ ಮೇಲೆ ಲಂಚದ ಕೇಸು ಬಿತ್ತು.

ಊರಲ್ಲಿ ಲಂಚ ಎಂದು ಮೂಗು ಮುರಿದು ಇಲ್ಲಿ ಬಂದೆವಲ್ಲ, ಅದಕ್ಕೆ ಹೇಳಿದೆ.

ಚಾರ್ಲ್ಸ್_ನದಿ_ತೀರ

ಮೆಸಾಚುಸೆಟ್ಸ್‌ನಿಂದ ನಾಲ್ಕು ಮಾತು. ಇಲ್ಲೂ ಲೈಸೆನ್ಸ್ ಕೊಡುವುದು ಟೌನ್ ಪೊಲೀಸ್ ಚೀಫ್. "ಸೂಕ್ತ ವ್ಯಕ್ತಿ" ಹೌದೋ ಅಲ್ಲವೋ ಎಂದು ಅವರು ತೀರ್ಮಾನಿಸುತ್ತಾರೆ. ಮೊದಲು ಬಾಸ್ಟನ್, ಬ್ರೂಕ್‌ಲೈನ್‌ನಲ್ಲಿ "ಗುರಿ ಅಭ್ಯಾಸ, ಬೇಟೆಗೆ ಮಾತ್ರ" ಎಂಬಂಥ ನಿರ್ಬಂಧದ ಸಾಲು ಹೊಡೆದು ಕೊಡುತ್ತಿದ್ದರು. ಬೇರೆ ಎಷ್ಟೋ ಟೌನ್‌ಗಳಲ್ಲಿ ನಿರ್ಬಂಧವೇ ಇಲ್ಲ. ಬಾಡಿಗೆ ಮನೆ ಬದಲಾಯಿಸಿದರೆ ಹಕ್ಕೂ ಬದಲಾಗುತ್ತಿತ್ತು!

2022ರ ಜೂನ್ 23ರಂದು ಸುಪ್ರೀಂ ಕೋರ್ಟ್‌ನಿಂದ ಬ್ರೂಯೆನ್ ತೀರ್ಪು ಬಂತಲ್ಲ. ನ್ಯೂಯಾರ್ಕ್‌ನಲ್ಲಿ 1911ರ ಸಲಿವನ್ ಕಾಯ್ದೆಯ ಕಾಲದಿಂದ ಬಂದ ಒಂದು ಕಟ್ಟುಪಾಡಿತ್ತು. ಪಿಸ್ತೂಲು ಹಿಡಿದು ಓಡಾಡಲು "ತಕ್ಕ ಕಾರಣ" ತೋರಿಸು ಎಂದು ಕೇಳುತ್ತಿದ್ದರು. 6–3ರಲ್ಲಿ ಅದು ಬಿತ್ತು. ಸಾಮಾನ್ಯ ನಾಗರಿಕ ತನಗೆ ವಿಶೇಷ ಅಪಾಯವಿದೆ ಎಂದು ಸಾಬೀತು ಮಾಡಬೇಕಿಲ್ಲ ಎಂದರು. ಅದರ ಹಿಂದೆಯೇ ನ್ಯೂಯಾರ್ಕ್, ನ್ಯೂಜೆರ್ಸಿ ಎರಡೂ ಹೊಸ ಕಾಯ್ದೆ ಮಾಡಿದವು. ಎಲ್ಲೆಲ್ಲಿ ಒಯ್ಯಬಾರದು ಎಂಬ ಪಟ್ಟಿ ಎಷ್ಟು ಉದ್ದವಾಯಿತೆಂದರೆ ಪರ್ಮಿಟ್ ಇದ್ದವನು ಮನೆಯಿಂದ ಕಾರಿಗೆ, ಕಾರಿನಿಂದ ಮನೆಗೆ ಅಷ್ಟೇ. ಇಲ್ಲಿ ಕಾರಣ ಕೇಳುವುದು ಹೋಯಿತು, "ಸೂಕ್ತ" ಉಳಿಯಿತು. ಬಾಗಿಲು ತೆಗೆದರು, ಹೊಸ್ತಿಲು ಎತ್ತರ ಮಾಡಿದರು.

ಕೈಲ್‌ಪೊಳ್ದ್_ಕೋವಿ

ಕೊಡಗಿನಿಂದ ನಾನು. ಇದೆಲ್ಲ ಓದುತ್ತಾ ನಗು ಬಂತು. ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು. ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ. ಕೊಡವರಿಗೆ, ಜಮ್ಮಾ ಭೂಮಿ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಇದ್ದವರಿಗೆ ಲೈಸೆನ್ಸ್‌ನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದಲೂ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಆದರೆ ವಿನಾಯಿತಿ ಇದೆ ಎಂದು ಯಾರಿಗೋ ಕೊಟ್ಟುಬಿಡುವ ಹಾಗಿಲ್ಲ. ಆರ್ಮ್ಸ್ ಆ್ಯಕ್ಟ್ ಪ್ರಕಾರ ಕೋವಿ ಮಾರಬೇಕಾದರೆ ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು. ಕೊಳ್ಳುವವನಿಗೆ ಹಕ್ಕಿರಬೇಕು.

ಲಿಂಗಣ್ಣ, ಗ್ಲಾಕ್ ತೀರ್ಥಹಳ್ಳಿಗೆ ತರುವ ಕನಸಿದ್ದರೆ ಬಿಡಿ. ಅದರ 9 ಎಂಎಂ ಇಲ್ಲಿ ನಿಷೇಧಿತ ಬೋರ್, ಅಂದರೆ ನಳಿಗೆಯ ಅಳತೆ.

ಲೀಹೈ_ಲಿಂಗು

ಕನಸಿರಲಿಲ್ಲ. ಇದ್ದರೂ ಈಗ ಹೋಯಿತು.

ಎಂಕ ಅವರೇ, ಹಾಗಾದರೆ ನಾನೇ ಕಾರಲ್ಲಿ ಒಯ್ದು ನ್ಯೂಜೆರ್ಸಿಯ ಡೀಲರ್ ಅಂಗಡಿಯಲ್ಲೇ ಕೊಡಲಾ? ನನಗೆ ಪೆನ್ಸಿಲ್ವೇನಿಯಾದ ಕ್ಯಾರಿ ಲೈಸೆನ್ಸ್ (ಪಿಸ್ತೂಲು ಜೊತೆಗಿಟ್ಟುಕೊಂಡು ಓಡಾಡುವ ಪರ್ಮಿಟ್) ಇದೆ.

ಎಡಿಸನ್_ಎಂಕ

ಪಿಸ್ತೂಲನ್ನಂತೂ ನೀವು ಸೇತುವೆ ದಾಟಿಸಬೇಡಿ. ನಿಮ್ಮ ಲೈಸೆನ್ಸ್ ನದಿಯ ಈಚೆ ಬರೀ ಪ್ಲಾಸ್ಟಿಕ್ ತುಂಡು.

2013ರಲ್ಲಿ ಫಿಲಡೆಲ್ಫಿಯಾದ ಒಬ್ಬ ತಾಯಿ, ಎರಡು ಮಕ್ಕಳಿದ್ದವರು, ನ್ಯೂಜೆರ್ಸಿಯ ಅಟ್ಲಾಂಟಿಕ್ ಕೌಂಟಿಯಲ್ಲಿ ಕಾರು ಓಡಿಸುತ್ತಿದ್ದರು. ಪೊಲೀಸರು ಸಣ್ಣ ಟ್ರಾಫಿಕ್ ವಿಷಯಕ್ಕೆ ನಿಲ್ಲಿಸಿದರು. ಅವರೇ ಮುಂದಾಗಿ "ನನ್ನ ಹತ್ತಿರ ಪಿಸ್ತೂಲಿದೆ, ಪೆನ್ಸಿಲ್ವೇನಿಯಾ ಪರ್ಮಿಟ್ ಇದೆ" ಎಂದು ಹೇಳಿದರು. ಅಲ್ಲೇ ಬಂಧನ. ಇಲ್ಲಿನ ಗ್ರೇವ್ಸ್ ಕಾಯ್ದೆಯಲ್ಲಿ ಕನಿಷ್ಠ ಮೂರೂವರೆ ವರ್ಷ ಪೆರೋಲ್ ಇಲ್ಲದ ಜೈಲು. ಮೊದಲ ಸಲ ತಪ್ಪಿದವರಿಗೆ ವಿಚಾರಣೆಗೆ ಮೊದಲೇ ತಿದ್ದಿಕೊಳ್ಳುವ ಒಂದು ಕಾರ್ಯಕ್ರಮ ಇದೆ. ಪ್ರಾಸಿಕ್ಯೂಟರ್ ಅದನ್ನೂ ಮೊದಲು ಕೊಡಲಿಲ್ಲ. ಊರೆಲ್ಲ ಗಲಾಟೆಯಾದ ಮೇಲೆ 2014ರಲ್ಲಿ ಮನಸ್ಸು ಬದಲಾಯಿಸಿದರು. 2015ರಲ್ಲಿ ಗವರ್ನರ್ ಕ್ರಿಸ್ಟಿ ಕ್ಷಮೆ ಕೊಟ್ಟರು. ಒಂದೂವರೆ ವರ್ಷ ಆಕೆಯ ಬದುಕು ಯಾರ್ಯಾರದೋ ಮೇಜಿನ ಮೇಲಿತ್ತು. ಕಾನೂನಿನ ಒಂದಕ್ಷರವೂ ಅವರ ವಿಷಯದಲ್ಲಿ ಬದಲಾಗಿರಲಿಲ್ಲ. ಬದಲಾದದ್ದು ಮನಸ್ಸುಗಳು.

ಆದ್ದರಿಂದ ದಾರಿ ಇಷ್ಟು. ನಿಮ್ಮ ಊರಿನ ಡೀಲರ್ ಕೈಗೆ ಎರಡನ್ನೂ ಕೊಡಿ. ಅವರು ನ್ಯೂಜೆರ್ಸಿಯ ಡೀಲರ್‌ಗೆ ಕಳಿಸುತ್ತಾರೆ. ಎರಡೂ ಕಡೆ ಫೀಸು. ಬಾಮೈದ ಅಲ್ಲಿ ಕಾರ್ಡ್, ಪರ್ಮಿಟ್ ತೋರಿಸಿ, ಫಾರ್ಮ್ ತುಂಬಿ, ತಪಾಸಣೆ ಮುಗಿಸಿ ತಗೊಳ್ಳಲಿ. ಗ್ಲಾಕ್ 19ರ ಜೊತೆ ಬರುವ 15 ಗುಂಡಿನ ಮ್ಯಾಗಜಿನ್ ಕಳಿಸಬೇಡಿ. 2018ರಿಂದ ಇಲ್ಲಿ 10ಕ್ಕಿಂತ ಜಾಸ್ತಿ ಹಿಡಿಯುವುದು ಕಾನೂನುಬಾಹಿರ. ಆ ತಗಡಿನ ಡಬ್ಬಿ ಒಂದೇ ಸಾಕು ಕೇಸು ಹಾಕಲು.

ಲೀಹೈ_ಲಿಂಗು

ಇವತ್ತು ನಮ್ಮ ಊರಿನ ಅಂಗಡಿಗೆ ಹೋಗಿದ್ದೆ. ನ್ಯೂಜೆರ್ಸಿ ಎಂದ ತಕ್ಷಣ ಆ ಯಜಮಾನ ಕೈ ಮುಗಿದ. "ನ್ಯೂಜೆರ್ಸಿ, ನ್ಯೂಯಾರ್ಕ್, ಕ್ಯಾಲಿಫೋರ್ನಿಯಾಕ್ಕೆ ನಾವು ಕಳಿಸೋದೇ ಇಲ್ಲ" ಎಂದ. ಕಾನೂನು ಅಡ್ಡಿಯಾ ಎಂದರೆ ಇಲ್ಲವಂತೆ. ಯಾವ ಬಿಡಿಭಾಗ ಅಲ್ಲಿ ತಪ್ಪಾಗುತ್ತೋ ಎಂದು ಓದುತ್ತಾ ಕೂರುವಷ್ಟು ಲಾಭ ಇದರಲ್ಲಿಲ್ಲ ಅಂದ.

ಸನಿವೇಲ್_ಸೀನ

ಇದು ಮಾಮೂಲಿ. ಕೆಲವರು ಭಯಕ್ಕೆ, ಕೆಲವರು ಸಿಟ್ಟಿಗೆ. ಬ್ಯಾರೆಟ್ ಎಂಬ ರೈಫಲ್ ಕಂಪನಿ ಇದೆಯಲ್ಲ, ಕ್ಯಾಲಿಫೋರ್ನಿಯಾ .50 ಕ್ಯಾಲಿಬರ್ ರೈಫಲನ್ನು ಜನರಿಗೆ ನಿಷೇಧಿಸಿದ್ದಕ್ಕೆ ಅವರು ಇಲ್ಲಿನ ಪೊಲೀಸರಿಗೂ ಮಾರುವುದಿಲ್ಲ, ರಿಪೇರಿಯನ್ನೂ ಮಾಡಿಕೊಡುವುದಿಲ್ಲ ಎಂದರು. ಜನರಿಗೆ ಇಲ್ಲದ್ದು ನಿಮಗೂ ಇಲ್ಲ ಎಂಬ ವಾದ. 2013ರಲ್ಲಿ ನ್ಯೂಯಾರ್ಕ್ ಕಾನೂನು ಬಿಗಿ ಮಾಡಿದಾಗಲೂ ಕೆಲವು ಸಣ್ಣ ಕಂಪನಿಗಳು ಅಲ್ಲಿನ ಪೊಲೀಸರಿಗೆ ಬಾಗಿಲು ಹಾಕಿದವು.

ಆ ವಾದದಲ್ಲಿ ಹುರುಳೇ ಇಲ್ಲ ಅನ್ನಲಾರೆ. ನಮ್ಮ ರಾಜ್ಯದಲ್ಲಿ ಮಾರಬಹುದಾದ ಪಿಸ್ತೂಲುಗಳ ಪಟ್ಟಿ ಒಂದಿದೆ. ಪಟ್ಟಿಯಲ್ಲಿ ಇಲ್ಲದ್ದನ್ನು ಅಂಗಡಿಯವರು ಜನರಿಗೆ ಹೊಸದಾಗಿ ಮಾರುವಂತಿಲ್ಲ. ಪೊಲೀಸರಿಗೆ ಮಾತ್ರ ವಿನಾಯಿತಿ. ಅವರು ಕೊಂಡು ಆಮೇಲೆ ಡೀಲರ್ ಮೂಲಕ ಸಾಮಾನ್ಯರಿಗೆ ಮಾರಲು ಅವಕಾಶವಿತ್ತು. ಪಟ್ಟಿಯಲ್ಲಿಲ್ಲದ ಪಿಸ್ತೂಲಿಗೆ ಬೆಲೆ ಜಾಸ್ತಿ ಅಲ್ವಾ? ಸ್ಯಾನ್ ಡಿಯೆಗೊ ಶೆರಿಫ್ ಇಲಾಖೆಯ ಒಬ್ಬ ಕ್ಯಾಪ್ಟನ್ ಇದನ್ನೇ ವ್ಯಾಪಾರ ಮಾಡಿಕೊಂಡಿದ್ದ. 2019ರಲ್ಲಿ ಫೆಡರಲ್ ಕೇಸು, 2021ರಲ್ಲಿ ಜೈಲು.

ಮಲ್ಲಿಗೆ_ಮಾತು

ಪೊಲೀಸರ ವಿವೇಚನೆಗೆ ಇನ್ನೊಂದು ಮುಖವೂ ಇದೆ. ಇಲಿನಾಯ್‌ನಲ್ಲಿ 2023ರ ಜನವರಿಯಲ್ಲಿ ಕೆಲವು ಬಗೆಯ ರೈಫಲ್‌ಗಳನ್ನು ನಿಷೇಧಿಸಿದರು. ಸಹಿ ಒಣಗುವ ಮೊದಲೇ ಕೌಂಟಿ ಶೆರಿಫ್‌ಗಳು ಒಬ್ಬರ ಹಿಂದೆ ಒಬ್ಬರು "ಇದು ಸಂವಿಧಾನಕ್ಕೆ ವಿರುದ್ಧ, ನಾವು ಜಾರಿ ಮಾಡುವುದಿಲ್ಲ" ಎಂದು ಪತ್ರ ಬರೆದರು. ವಾಷಿಂಗ್ಟನ್ ರಾಜ್ಯದಲ್ಲಿ 2018ರಲ್ಲಿ ಜನರೇ ವೋಟು ಹಾಕಿ ತಂದ ಕಾನೂನಿಗೂ ಹೀಗೇ ಆಯಿತು. ಎಂಕ ಅವರೇ, ನಿಮ್ಮ ಚೀಫ್ ಕಾನೂನಿಗಿಂತ ಜಾಸ್ತಿ ಬಿಗಿ ಮಾಡಿದರೆ ನಿಮಗೆ ಸಿಟ್ಟು. ಈ ಶೆರಿಫ್‌ಗಳು ಕಾನೂನಿಗಿಂತ ಸಡಿಲ ಮಾಡಿದರೆ?

ಎಡಿಸನ್_ಎಂಕ

ಸರಿಯಾದ ಕಡೆ ಹಿಡಿದಿರಿ. ಅದಕ್ಕೂ ಸಿಟ್ಟು ಬರಬೇಕು. ಬಂದಿರಲಿಲ್ಲ, ಒಪ್ಪುತ್ತೇನೆ.

ಲೀಹೈ_ಲಿಂಗು

ಆರು ತಿಂಗಳ ಮೇಲೆ ಬಂದೆ. ಏನಾಯಿತೆಂದು ಹೇಳಿಬಿಡುತ್ತೇನೆ.

ಬಾಮೈದನ ಕಾರ್ಡ್ ಬರಲು ಹನ್ನೊಂದು ವಾರ ಹಿಡಿಯಿತು. ಪರಿಚಯದವರು ಎಂದು ಹೆಸರು ಕೊಟ್ಟಿದ್ದ ಇಬ್ಬರಲ್ಲಿ ಒಬ್ಬರು ಠಾಣೆಯ ಇಮೇಲನ್ನು ಜಂಕ್ ಎಂದು ಅಳಿಸಿಹಾಕಿದ್ದರಂತೆ, ಅದಕ್ಕೇ ನಾಲ್ಕು ವಾರ ಹೋಯಿತು. ಮೂರನೇ ಅಂಗಡಿಯವರು ಕಳಿಸಲು ಒಪ್ಪಿದರು. ರೆಮಿಂಗ್ಟನ್ ಈಗ ಎಡಿಸನ್‌ನಲ್ಲಿದೆ. ಎರಡೂ ಕಡೆ ಫೀಸು, ಸಾಗಣೆ ಸೇರಿದರೆ ಹಳೇ ಕೋವಿಯ ಅರ್ಧ ಬೆಲೆ. ಗ್ಲಾಕ್‌ನ ಆಸೆ ಅವನೇ ಬಿಟ್ಟ. ಅದನ್ನು ಇಲ್ಲೇ ಡೀಲರ್‌ಗೆ ಮ್ಯಾಗಜಿನ್ ಸಮೇತ ಕೊಟ್ಟೆ. ರಸೀದಿ ಇಟ್ಟುಕೊಂಡಿದ್ದೇನೆ.

ಟಿಕೆಟ್ ಆಗಿದೆ. ಕೊಡಗಿನವರೇ, ಒಂದು ಮಾತು ಕೇಳಬೇಕು. ತೋಟದಲ್ಲಿ ಕಾಡುಹಂದಿ, ಮಂಗಗಳ ಕಾಟ ತಡೆಯಲಾಗುತ್ತಿಲ್ಲ ಎಂದು ಅಪ್ಪ ದಿನಾ ಫೋನು ಮಾಡುತ್ತಾರೆ. ಬೆಳೆ ರಕ್ಷಣೆಗೆ ಒಂದು ಜೋಡಿ ನಳಿಗೆ ಕೋವಿಯ ಲೈಸೆನ್ಸ್ ಬೇಕು. ನಮಗೆ ನಿಮ್ಮ ಹಾಗೆ ವಿನಾಯಿತಿ ಇಲ್ಲವಲ್ಲ. ಹೇಗೆ ಶುರು ಮಾಡಲಿ?

ಕೈಲ್‌ಪೊಳ್ದ್_ಕೋವಿ

ಡಿಸಿ ಆಫೀಸಿಗೆ ಅರ್ಜಿ ಹಾಕಿ. ಪಹಣಿ ಇಡಿ. ಅಲ್ಲಿಂದ ಅದು ಪೊಲೀಸ್ ವರದಿಗೆ ನಿಮ್ಮ ಠಾಣೆಗೆ ಬರುತ್ತದೆ. ಆಮೇಲೆ ಆ ವರದಿ ಬರೆಯುವವರು ವಾರದಲ್ಲಿ ಯಾವ ದಿನ ಸಿಗುತ್ತಾರೆ ಎಂದು ವಿಚಾರಿಸಿಕೊಳ್ಳಿ.